ಮಾವನಿಗೆ ತಾಗದ ಚೆಂಡು

ಜನವರಿ 5, 2025, ಭಾನುವಾರ

ಇವತ್ತು ಸಾಯಂಕಾಲ ನನ್ನ ಸೊಸೆ ಫುಟ್‌ಬಾಲ್ ಆಡುವುದನ್ನು ನೋಡಿದೆ. ಬರೆದ ಮೇಲೆ ಈ ವಾಕ್ಯವನ್ನು ಎರಡು ಸಲ ಓದಿಕೊಂಡೆ. ಸರಿಯಾಗಿಯೇ ಇದೆ.

ಆದದ್ದು ಹೀಗೆ. ಬಸಳೆ ತರಲು ಹೋದವನು, ಮುಂದಿನ ರಸ್ತೆಯನ್ನು ಅಗೆದು ಹಾಕಿದ್ದರಿಂದ ಹಿಂದಿನ ಗಲ್ಲಿಯಲ್ಲಿ ಬಂದೆ. ಅಲ್ಲಿ ಮೊದಲು ಸ್ಕ್ರೂ ಮಾಡುವ ಗಾಲಾ, ಅಂದರೆ ಸಣ್ಣ ಕಾರ್ಖಾನೆ, ಇತ್ತು. ಕಾಂದಿವಲಿಯಲ್ಲಿ ಈಗ ಸ್ಕ್ರೂ ಯಾರಿಗೂ ಬೇಡವೆಂದು ಕಾಣುತ್ತದೆ. ಶೆಡ್ಡು ಒಡೆದು, ಹಸಿರು ಪ್ಲಾಸ್ಟಿಕ್ ಹುಲ್ಲು ಹಾಸಿ, ಸುತ್ತ ಬಲೆ ಕಟ್ಟಿ, ಟರ್ಫ್ ಎಂದು ಬೋರ್ಡು ಹಾಕಿದ್ದಾರೆ. ಒಳಗೆ ಹೆಂಗಸರು ಆಡುತ್ತಿದ್ದರು. ಎಲ್ಲ ನಮ್ಮ ಸೊಸೈಟಿಯವರೇ. ನಾಲ್ಕನೆಯ ಮಾಳಿಗೆಯ ಹಲ್ಲಿನ ಡಾಕ್ಟರ್ ಸಪ್ನಾ, ರೋಗಿಗಳ ಎದುರು ಅಷ್ಟು ಮೆಲ್ಲಗೆ ಮಾತಾಡುವವಳು, ಗಂಟಲು ಹರಿಯುವಂತೆ ಕೂಗುತ್ತಿದ್ದಳು. ಎದುರು ಪಕ್ಷದ ಗೋಲ್‌ಕೀಪರ್ ಜಾರಿ ಬಿದ್ದಿದ್ದಳು. ಗೋಲು ಊಟ ಮುಗಿದ ಮದುವೆ ಹಾಲಿನಂತೆ ಖಾಲಿ ಇತ್ತು. ಅದರ ಮುಂದೆ ಚೆಂಡಿನ ಜೊತೆ ಒಬ್ಬಳೇ ನಿಂತಿದ್ದವಳು ನಮ್ಮ ಭುವನೇಶ್ವರಿ.

ಅವಳು ತಲೆಯೆತ್ತಿದಳು. ಬಲೆಯ ಆಚೆ ಬಸಳೆ ಕಟ್ಟು ಹಿಡಿದು ನಿಂತ ಮಾವನನ್ನು ಕಂಡಳು. ಬಲಗೈ ತಾನಾಗಿ ತಲೆಯ ಮೇಲಿನ ಸೆರಗು ಎಳೆದುಕೊಳ್ಳಲು ಹೋಯಿತು. ಸೆರಗು ಇರಲಿಲ್ಲ, ಇದ್ದದ್ದು ಒಂಬತ್ತನೆಯ ನಂಬರಿನ ಟೀ ಶರ್ಟು. ಕೈ ಸೆರಗು ಹುಡುಕುತ್ತಿರುವಾಗಲೇ ಕಾಲು ಒದೆಯಿತು. ಚೆಂಡು ಗೋಲಿನ ಮೇಲಿಂದ ಹಾರಿ ಬಲೆಗೆ ಸಿಕ್ಕಿಕೊಂಡಿತು.

ನಾನು ಬಸಳೆಯನ್ನೇ ನೋಡುತ್ತ ಮನೆಗೆ ಬಂದೆ.

ಭುವನೇಶ್ವರಿ ವಿಜಯಪುರದ ಕಡೆಯವರ ಮಗಳು, ಬೆಳೆದದ್ದು ಇಲ್ಲೇ ಜೋಗೇಶ್ವರಿಯ ಚಾಳಿನ ವಠಾರದಲ್ಲಿ. ಅಪ್ಪ ಚಂದ್ರಾಮ ಕಟ್ಟಡದ ಮೇಸ್ತ್ರಿ, ತಾಯಿ ಹಾಲವ್ವ. ನಾವು ಉಡುಪಿ ಕಡೆಯವರು. ನನ್ನ ಮಗ ಸಂದೀಪ ಅವಳನ್ನು ಇಷ್ಟಪಟ್ಟು ಮದುವೆಯಾಗಿ ಹನ್ನೆರಡು ವರ್ಷವಾಯಿತು. ಇಷ್ಟು ವರ್ಷದಲ್ಲಿ ಅವಳು ನನ್ನೆದುರು ತಲೆಯ ಮೇಲೆ ಬಟ್ಟೆಯಿಲ್ಲದೆ ಬಂದವಳಲ್ಲ. ನೇರ ಮಾತಾಡಿದವಳೂ ಅಲ್ಲ. ಅವರಲ್ಲಿ ಮಾವನೆಂದರೆ ಹಾಗೆ. ನಮ್ಮಲ್ಲಿ ಅಷ್ಟಿಲ್ಲ, ಆದರೆ ಅವಳು ಸುಮ್ಮನಿದ್ದುದರಿಂದ ನಾನೂ ಸುಮ್ಮನಿದ್ದೆ. ನನ್ನ ಹೆಂಡತಿ ನೀಲಾವತಿ ಇರುವ ತನಕ ಎಲ್ಲ ಅವಳ ಮೂಲಕವೇ ನಡೆಯುತ್ತಿತ್ತು. ಕಳೆದ ಮಾರ್ಚಿನಲ್ಲಿ ನೀಲಾವತಿ ತೀರಿಹೋದಳು. ಈಗ ಮೊಮ್ಮಗಳು ಲಾವಣ್ಯಾ ಮನೆಯಲ್ಲಿದ್ದರೆ ಅವಳ ಮೂಲಕ ಹೇಳುತ್ತೇನೆ. ಅವಳು ಶಾಲೆಗೆ ಹೋಗಿದ್ದರೆ ಫ್ರಿಜ್ಜಿಗೆ ಹೇಳುತ್ತೇನೆ. ಫ್ರಿಜ್ಜು ಅಡುಗೆಮನೆಯ ಬಾಗಿಲಲ್ಲೇ ಇರುವುದರಿಂದ ತಲುಪುತ್ತದೆ.

ಜನವರಿ 7, ಮಂಗಳವಾರ

ಬೆಳಿಗ್ಗೆ ಅಡುಗೆಮನೆಯಲ್ಲಿ ಗಂಡಹೆಂಡಿರ ಮಾತು ಕೇಳಿಸಿತು. ಕದ್ದು ಕೇಳಿದ್ದಲ್ಲ. ಈ ಫ್ಲ್ಯಾಟಿನಲ್ಲಿ ಕದ್ದು ಕೇಳಲು ಬೇಕಾದಷ್ಟು ದೂರವೇ ಇಲ್ಲ.

"ಮಾವಾರು ನೋಡಿದ್ರು. ನಾ ಭೂಮಿಯೊಳಗ ಇಳದು ಹೋಗಲಿಲ್ಲ, ಅದೊಂದ ಬಾಕಿ."

"ಪಪ್ಪಾ ಎಂತದೂ ಹೇಳುದಿಲ್ಲ. ಟೆನ್ಷನ್ ಮತ್ ಲೋ."

"ಅದಲ್ಲ. ಸಪ್ನಾ ಹೇಳ್ಯಾಳ. ಛಬ್ಬೀಸ್ ಜನವರಿಗೆ, ಝಂಡಾ ಏರಸೂ ದಿನ, ಫೈನಲ್. ಅಷ್ಟರಾಗ ನಾ ಒಂದರ ಗೋಲ್ ಹಾಕಬೇಕಂತ. ಇಲ್ಲಂದ್ರ ಏಳನೇ ಮಾಳಗಿ ಹೊಸಾಕಿನ್ನ ಮುಂದ ಆಡಸ್ತಾಳ, ನನ್ನ ಹೊರಗ ಕುಂದ್ರಸ್ತಾಳ. ದೀಪಾವಳಿಯಿಂದ ಆಡಾಕತ್ತೀನಿ, ನನ್ನ ಹೆಸರಿಗೆ ಒಂದು ಗೋಲಿಲ್ಲ."

"ಕೂತ್ಕೋ ಹೊರಗೆ. ನೆಕ್ಸ್ಟ್ ಇಯರ್ ನೋಡುವ."

"ಹೊರಗ ಕುಂದ್ರೂದಾದ್ರ ನಾ ಆಟಾನ ಬಿಡ್ತೀನಿ. ಹನ್ನೆರಡನೇ ವರ್ಷದಾಗ ಅವ್ವ ಕುಂದ್ರಿಸಿದ್ಲು, ದೊಡ್ಡಾಕಿ ಆದಿ ಇನ್ನ ಹುಡುಗರ ಕೂಡ ಚೆಂಡ ಆಡೂದು ಸಾಕು ಅಂತ. ಇನ್ನೊಮ್ಮೆ ಯಾರ ಕೈಲೂ ಕುಂದ್ರಿಸ್ಕೊಳ್ಳಾಂಗಿಲ್ಲ."

ಸಂದೀಪ ಲೋಕಲ್ ಟ್ರೈನು ತಪ್ಪುತ್ತದೆಂದು ಓಡಿದ.

ಅವಳು ಆಟ ಬಿಟ್ಟರೆ ನನಗೇನು? ಏನೂ ಇಲ್ಲ. ಆದರೆ ಭಾನುವಾರ ಆಟದಿಂದ ಬಂದ ಮೇಲೆ ಅವಳು ಅಡುಗೆಮನೆಯಲ್ಲಿ ಏನೋ ಗುನುಗುತ್ತಾಳೆ. ಇಷ್ಟು ದಿನ ಅದು ಯಾತರಿಂದೆಂದು ನನಗೆ ತಿಳಿದಿರಲಿಲ್ಲ. ವಾರದ ಉಳಿದ ದಿನ ಈ ಮನೆಯಲ್ಲಿ ಕುಕ್ಕರಿನ ಸೀಟಿ ಬಿಟ್ಟರೆ ಬೇರೆ ಹಾಡಿಲ್ಲ. ಅಲ್ಲದೆ ಇದು ಸೊಸೈಟಿಯ ನಾಲ್ಕು ವಿಂಗುಗಳ ನಡುವಿನ ಪಂದ್ಯ, ನಮ್ಮ ಎ ವಿಂಗಿನ ಪ್ರೆಸ್ಟೀಜಿನ ಪ್ರಶ್ನೆ.

ಜನವರಿ 8, ಬುಧವಾರ

ಸ್ಟ್ರೈಕರ್ ಯಾಕೆ ಮಿಸ್ ಮಾಡುತ್ತಾನೆ ಎಂದು ಮೊಬೈಲಿನಲ್ಲಿ ನೋಡುತ್ತಿದ್ದೇನೆ. ದೇಶವಿದೇಶದ ದೊಡ್ಡ ದೊಡ್ಡ ಆಟಗಾರರು ಖಾಲಿ ಗೋಲಿನ ಮುಂದೆ ನಿಂತು ಆಕಾಶಕ್ಕೆ ಹೊಡೆದು, ಆಮೇಲೆ ತಲೆಯ ಮೇಲೆ ಕೈ ಹೊತ್ತು ಕೂರುವ ವಿಡಿಯೋಗಳು ಒಂದರ ಹಿಂದೊಂದು ಬರುತ್ತವೆ. ಮನಸ್ಸಿಗೆ ತುಂಬಾ ಸಮಾಧಾನ. ಒಬ್ಬ ಇಂಗ್ಲಿಷಿನವನು ಹೇಳುತ್ತಾನೆ, ಸಮಯ ಕಡಿಮೆ ಇದ್ದಾಗ ಕಾಲು ತನ್ನ ಕೆಲಸ ತಾನು ಮಾಡುತ್ತದೆ, ಸಮಯ ಜಾಸ್ತಿಯಾದರೆ ತಲೆ ನಡುವೆ ಬಾಯಿ ಹಾಕಿ ಕೆಡಿಸುತ್ತದೆ ಎಂದು. ಇನ್ನೊಬ್ಬ ಎಲ್ಲವೂ ಅಭ್ಯಾಸ ಎನ್ನುತ್ತಾನೆ. ಮೂರನೆಯವನು ಅಭ್ಯಾಸದಿಂದ ಏನೂ ಆಗದು, ಎಲ್ಲ ಲಕ್ಕು ಎನ್ನುತ್ತಾನೆ. ಮೂವರಿಗೂ ಲಕ್ಷಗಟ್ಟಲೆ ಜನ ಲೈಕು ಒತ್ತಿದ್ದಾರೆ.

ನೈಟ್ ಕಾಲೇಜಿನಲ್ಲಿ ನಮಗೆ ಲಾಜಿಕ್ ಎಂಬ ಸಬ್ಜೆಕ್ಟ್ ಇತ್ತು. ಹಗಲಿಡೀ ಗ್ರಾಂಟ್ ರೋಡಿನ ಹೋಟೆಲಿನಲ್ಲಿ ದುಡಿದು ಬೆಂಚಿನ ಮೇಲೆ ಕೂರುತ್ತಿದ್ದ ನನಗೆ ಮೇಜರ್ ಪ್ರಿಮೈಸ್ ಈಗಲೂ ನೆನಪಿದೆ. ಕನ್‌ಕ್ಲೂಷನ್ ಬರುವ ಹೊತ್ತಿಗೆ ಯಾವಾಗಲೂ ನಿದ್ದೆ ಬಂದಿರುತ್ತಿತ್ತು. ಆದರೂ ಪ್ರಯತ್ನಿಸಿದೆ. ಆಲ್ ಸ್ಟ್ರೈಕರ್ಸ್ ಮಿಸ್. ಭುವನೇಶ್ವರಿ ಈಸ್ ಎ ಸ್ಟ್ರೈಕರ್. ದೇರ್‌ಫೋರ್ ಎಂದು ಬರೆದವನಿಗೆ ಮುಂದೆ ಬರೆಯಲು ಮನಸ್ಸಾಗಲಿಲ್ಲ. ಅದನ್ನು ಹೊಡೆದುಹಾಕಿ ಕೆಳಗೆ ಬರೆದೆ: ಪ್ರಾಕ್ಟೀಸ್ ಮೇಕ್ಸ್ ಎ ಮ್ಯಾನ್ ಪರ್ಫೆಕ್ಟ್. ವುಮನ್ ವಿಷಯ ಸಿಲೆಬಸ್ಸಿನಲ್ಲಿ ಇರಲಿಲ್ಲ, ಆದರೆ ನಿಯಮ ಒಂದೇ ಇರಬೇಕು.

ತಿಂಡಿಯಾದ ಮೇಲೆ ಫ್ರಿಜ್ಜಿಗೆ ಹೇಳಿದೆ: "ಹತ್ತು ಗಂಟೆಗೆ ಕಾರುಗಳೆಲ್ಲ ಹೋದ ಮೇಲೆ ಕೆಳಗೆ ಪಾರ್ಕಿಂಗ್ ಖಾಲಿ ಉಂಟು. ಎರಡು ಕಂಬದ ನಡುವೆ ಒಂದು ಗೋಲಿನಷ್ಟು ಜಾಗವೂ ಉಂಟು. ಯಾರಿಗಾದರೂ ಬೇಕಾದರೆ ಅಂತ ಹೇಳಿದೆ, ಅಷ್ಟೆ."

ಫ್ರಿಜ್ಜಿನ ಆಚೆ ಸೌಟು ಕೆಳಗೆ ಬಿದ್ದ ಸದ್ದಾಯಿತು.

ಜನವರಿ 10, ಶುಕ್ರವಾರ

ಭುವನೇಶ್ವರಿ ಪಾರ್ಕಿಂಗಿಗೆ ಇಳಿದಳು. ಹೊಡೆದದ್ದೆಲ್ಲ ಗೋಲು. ನಾನು ಕಟ್ಟೆಯ ಮೇಲೆ ಪೇಪರು ಹಿಡಿದು ಕೂತು, ಓದುವ ಹಾಗೆ ಮಾಡಿ ನೋಡಿದೆ. ಒಂದೂ ಕಂಬದ ಆಚೆ ಹೋಗಲಿಲ್ಲ. ಚೆಂಡು ಹಿಂದಿನ ಗೋಡೆಗೆ ಬಡಿದಾಗ ಇಡೀ ಪಾರ್ಕಿಂಗ್ ಗುಡುಗುತ್ತದೆ. ರೋಗ ಗೊತ್ತಾಯಿತು, ಮದ್ದೂ ಸಿಕ್ಕಿತು. ಇಷ್ಟು ಸುಲಭದ ವಿಷಯಕ್ಕೆ ಆ ಇಂಗ್ಲಿಷಿನವರು ಯಾಕೆ ಅಷ್ಟು ಕಷ್ಟಪಡುತ್ತಾರೋ.

ಜನವರಿ 12, ಭಾನುವಾರ

ಡಿ ವಿಂಗಿನ ಮೇಲೆ ಮ್ಯಾಚು. ನನ್ನನ್ನು ಕಂಡರೆ ಅವಳ ಕೈ ತಲೆಗೆ ಹೋಗುತ್ತದೆಂದು ವಡಾಪಾವ್ ಗಾಡಿಯ ಹಿಂದೆ ನಿಂತು ನೋಡಿದೆ. ಗಾಡಿಯವನು ಎರಡು ಸಲ ಏನು ಬೇಕೆಂದು ಕೇಳಿದ, ಆಮೇಲೆ ಅನುಮಾನದಿಂದ ನೋಡತೊಡಗಿದ. ಬೇಡದಿದ್ದರೂ ಒಂದು ತಿಂದೆ.

ಒಂದು ಚಾನ್ಸು ಬಂತು. ಗೋಲ್‌ಕೀಪರ್ ಕೈಯಗಲಿಸಿ ಮುಂದೆ ಬಂದಳು. ಭುವನೇಶ್ವರಿ ಅವಳ ಮುಖ ನೋಡಿದಳು. ನೋಡಿ, ದೇವಸ್ಥಾನದಲ್ಲಿ ಪ್ರಸಾದ ಕೊಟ್ಟ ಹಾಗೆ ಚೆಂಡನ್ನು ಅವಳ ಕೈಗೇ ಕೊಟ್ಟಳು. ಇನ್ನೊಂದು ಚಾನ್ಸು ಬಂತು. ಮತ್ತೆ ಪ್ರಸಾದ.

ಕಾಸ್ ಆಂಡ್ ಎಫೆಕ್ಟ್ ಈಗ ಸ್ಪಷ್ಟವಾಯಿತು. ಖಾಲಿ ಗೋಲಿಗೆ ಹೊಡೆದು ಅಭ್ಯಾಸ ಮಾಡಿದವರಿಗೆ ಮುಖವಿರುವ ಗೋಲು ಎದುರಾದರೆ ಕಾಲು ಕಟ್ಟುತ್ತದೆ. ಪ್ರಾಕ್ಟೀಸಿಗೆ ಒಂದು ಮುಖ ಬೇಕು. ಸಂದೀಪನಿಗೆ ಆಫೀಸು, ಲಾವಣ್ಯಾಳಿಗೆ ಶಾಲೆ. ಹಗಲು ಹತ್ತು ಗಂಟೆಗೆ ಈ ಬಿಲ್ಡಿಂಗಿನಲ್ಲಿ ಖಾಲಿ ಇರುವ ಮುಖ ಒಂದೇ.

ಜನವರಿ 13, ಸೋಮವಾರ

ಲಾವಣ್ಯಾಳ ಹತ್ತಿರ ಹೇಳಿ ಕಳಿಸಿದೆ. ಅವಳು ಮೂರು ಹೆಜ್ಜೆ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು:

"ಮಮ್ಮಿ, ಅಜ್ಜ ಬೋಲ್ ರಹೇ ಹೈ, ನಾಳೆಯಿಂದ ಅವರೇ ಗೋಲ್‌ಕೀಪರ್."

ಒಳಗೆ ನಲ್ಲಿಯ ನೀರು ನಿಂತಿತು. ಆಮೇಲೆ ಪಿಸುಮಾತು. ಲಾವಣ್ಯಾ ಮೂರು ಹೆಜ್ಜೆ ವಾಪಸು ಬಂದಳು.

"ಅಜ್ಜ, ಮಮ್ಮಿ ಕೇಳ್ತಾಳೆ, ಅಜ್ಜಂದು ತಬಿಯತ್ ಸರಿ ಉಂಟಾ ಅಂತ."

"ಬಿಪಿ ನಾರ್ಮಲ್ ಅಂತ ಹೇಳು. ವೇರ್ ದೇರ್ ಈಸ್ ಎ ವಿಲ್ ಅಂತಲೂ ಹೇಳು."

"ಅದು ಪೂರ್ತಿ ಏನು, ಅಜ್ಜ?"

"ಅಷ್ಟೇ ಸಾಕು."

ಜನವರಿ 14, ಮಂಗಳವಾರ, ಸಂಕ್ರಾಂತಿ

ಮೊದಲ ದಿನ. ಬನಿಯನ್ನಿನ ಮೇಲೆ ಸ್ವೆಟರು, ಪ್ಯಾಂಟಿನ ಕಾಲನ್ನು ಸಾಕ್ಸಿನೊಳಗೆ ತುರುಕಿ ಎರಡು ಕಂಬದ ನಡುವೆ ನಿಂತೆ. ಅವಳು ಬಹಳ ಹೊತ್ತು ಚೆಂಡನ್ನೇ ನೋಡುತ್ತಿದ್ದಳು. ದುಪಟ್ಟಾವನ್ನು ತಲೆಯ ಮೇಲೆ ಎಳೆದು ಕಿವಿಯ ಹಿಂದೆ ಗಂಟು ಹಾಕಿಕೊಂಡಿದ್ದಳು. ನಾನು ಚಾವಣಿ ನೋಡುತ್ತ "ಹೊಡೆಯಬಹುದು" ಎಂದೆ. ಹೊಡೆದಳು. ಬಲಗಡೆ ಕಂಬದಾಚೆ ಹೋಯಿತು. ಮತ್ತೆ ಎಡಗಡೆ ಕಂಬದಾಚೆ. ಒಂದು ಸಿ ವಿಂಗಿನ ಹಿತೇಶನ ಸ್ಕೂಟರಿನ ಕನ್ನಡಿಗೆ. ಮುಗಿಯುವ ತನಕ ಒಂದೇ ಒಂದು ಚೆಂಡು ಒಳಗೆ ಬರಲಿಲ್ಲ.

ನನ್ನ ವಯಸ್ಸಿಗೆ ಇದು ಸಣ್ಣ ವಿಷಯವಲ್ಲ.

ಜನವರಿ 17, ಶುಕ್ರವಾರ

ಇವತ್ತೂ ಒಳಗೆ ಬಂದಿಲ್ಲ. ನಾಲ್ಕು ದಿನವಾಯಿತು. ಇದಕ್ಕೆ ಕಾರಣ ಯೋಚಿಸಿದೆ. ಇಪ್ಪತ್ತು ವರ್ಷ ಹೋಟೆಲಿನ ಕೌಂಟರಿನಲ್ಲಿ ಕೂತು ಇಡೀ ಹಾಲಿನ ಮೇಲೆ ಕಣ್ಣಿಟ್ಟವನು ನಾನು. ಯಾವ ಟೇಬಲಿನಲ್ಲಿ ಚಟ್ನಿ ಮುಗಿದಿದೆ, ಯಾರು ಕೈ ತೊಳೆಯಲು ಎದ್ದರು ಎಂದು ತಲೆ ತಿರುಗಿಸದೆ ಹೇಳುತ್ತಿದ್ದೆ. ಗೋಲ್‌ಕೀಪರಿಗೆ ಬೇಕಾದದ್ದೂ ಇದೇ ಅಲ್ಲವೆ, ಆಂಟಿಸಿಪೇಷನ್. ಅವಳಿಗೆ ನನ್ನ ಹಾಗೆ ಕಷ್ಟದ ಗೋಲ್‌ಕೀಪರ್ ಇನ್ನೊಬ್ಬ ಸಿಗಲಾರ. ನನ್ನೆದುರು ಪಳಗಿದರೆ ಭಾನುವಾರ ಉಳಿದವರೆಲ್ಲ ಅವಳಿಗೆ ನೀರು ಕುಡಿದಷ್ಟು ಸುಲಭ.

ಸೊಂಟ ಸ್ವಲ್ಪ ಹಿಡಿದಿದೆ.

ಜನವರಿ 19, ಭಾನುವಾರ

ಬಿ ವಿಂಗಿನ ಮೇಲೆ ಮ್ಯಾಚು. ಮೂರು ಸಲ ಹೊಡೆದಳು. ಪ್ರಸಾದ ಕೊಡಲಿಲ್ಲ, ಜೋರಾಗಿಯೇ ಹೊಡೆದಳು. ಮೂರೂ ಗೋಲಿನ ಕಂಬದಿಂದ ಒಂದು ಗೇಣು ಆಚೆ ಹೋದವು. ಎಡಕ್ಕೆ ಒಂದು, ಬಲಕ್ಕೆ ಎರಡು. ಸಪ್ನಾ ಒಂದು ಗೋಲು ಹಾಕಿದ್ದರಿಂದ ನಮ್ಮವರು ಗೆದ್ದು ಫೈನಲಿಗೆ ಬಂದರು.

ಮುಗಿದ ಮೇಲೆ ಸಪ್ನಾ ವಡಾಪಾವ್ ಗಾಡಿಯ ಹಿಂದೆ ಬಂದು ನಿಂತಳು. ನಾನು ಅಲ್ಲಿರುವುದು ಎಲ್ಲರಿಗೂ ಗೊತ್ತಿತ್ತಂತೆ.

"ರಮಾನಾಥ ಅಂಕಲ್, ಅವಳು ಓಡ್ತಾಳೆ ಚೆನ್ನಾಗಿ. ಪಣ್ ಗೋಲ್ ನಕೋ ಕಾ? ಗೋಲೇ ಬೇಡವಾ? ಫೈನಲ್‌ನಲ್ಲಿ ಫಸ್ಟ್ ಹಾಫ್ ಕೊಡ್ತೇನೆ. ನಂತರ ನಾನೇನೂ ಮಾಡೋಕೆ ಆಗಲ್ಲ."

ಮನೆಗೆ ಬಂದವಳು ಬೂಟನ್ನು ಒರೆಸಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಸ್ಟೂಲು ಹತ್ತಿ ಲಾಫ್ಟಿನ ಮೇಲೆ, ಹಳೆಯ ಕುಕ್ಕರಿನ ಹಿಂದೆ ಇಟ್ಟಳು. ಗುನುಗಲಿಲ್ಲ.

ಜನವರಿ 20, ಸೋಮವಾರ

ಬೀಗಿತ್ತಿ ಹಾಲವ್ವ ಜೋಗೇಶ್ವರಿಯಿಂದ ಶೇಂಗಾ ಹೋಳಿಗೆ ತಂದರು. ನಾನು ಎಂದಿನಂತೆ ಹತ್ತು ಗಂಟೆಗೆ ಸ್ವೆಟರು ಹಾಕಿಕೊಂಡು ಫ್ರಿಜ್ಜಿನ ಮುಂದೆ ಕೆಮ್ಮಿದೆ. ಭುವನೇಶ್ವರಿ ಕದಲಲಿಲ್ಲ. ಮತ್ತೆ ಕೆಮ್ಮಿದೆ. ಬೂಟು ಇಳಿಸದೆ, ಬರೇ ಚಪ್ಪಲಿಯಲ್ಲಿ ಬಂದಳು. ಮಾವ ಕೆಮ್ಮಿದ ಮೇಲೆ ಬಾರದಿದ್ದರೆ ತಾಯಿಯ ಎದುರು ಚೆನ್ನಾಗಿರುವುದಿಲ್ಲವಲ್ಲ.

ಹಾಲವ್ವನೂ ಇಳಿದು ಬಂದು ಕಟ್ಟೆಯ ಮೇಲೆ ಕೂತರು. ಮೊಳಕಾಲಿನ ಮೇಲೆ ಕೈಯಿಟ್ಟುಕೊಂಡು ಮುಗಿಯುವ ತನಕ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು:

"ನೋಡ್ರ್ಯಾ ಬೀಗರ, ಹೆಣಮಕ್ಕಳು ಚೆಂಡ ಒದಿಯೂದು ನನಗೇನ ಸೇರಂಗಿಲ್ಲ. ಆದ್ರ ಒಂದ ಮಾತ. ಇಷ್ಟ ಹೊಡದ್ಲಲ್ಲ, ಒಂದರ ನಿಮ್ಮ ಮೈಗೆ ತಾಗಸಿದ್ಲೇನು? ನೀವು ನಿಂತ ಜಾಗಾ ಬಿಟ್ಟು ಕಂಬದಾಚೆ, ಕಂಬದಾಚೆ ಹೊಡೀತಾಳ. ಮಾವ ಅಂದ್ರ ಮಾವ. ಹಂಗ ಬೆಳಿಸೀವ್ರಿ ನಾವು."

ಭುವನೇಶ್ವರಿ ತಲೆ ತಗ್ಗಿಸಿದಳು. ನಾನು ಸ್ವೆಟರು ಬಿಚ್ಚಿ ಮಡಚಿದೆ.

ಅಂದರೆ ನಾನು ಒಂದನ್ನೂ ತಡೆದಿಲ್ಲ. ಚೆಂಡು ನನ್ನ ಹತ್ತಿರ ಬಂದೇ ಇಲ್ಲ. ವಾರವಿಡೀ ಅವಳು ನನ್ನೆದುರು ಗೋಲು ತಪ್ಪಿಸುವುದನ್ನೇ ಅಭ್ಯಾಸ ಮಾಡಿದಳು. ಭಾನುವಾರ ಅಭ್ಯಾಸ ಮಾಡಿದ್ದನ್ನೇ ಮಾಡಿದಳು, ಗೇಣು ಲೆಕ್ಕವೂ ತಪ್ಪದ ಹಾಗೆ. ಎಕ್ಸ್‌ಟ್ರಾ ಪ್ರಾಕ್ಟೀಸಿನಿಂದ ಪರಿಣಾಮ ಇದೆಯೇ ಎಂದು ಯಾರಾದರೂ ಕೇಳಿದರೆ ಇದೆ, ಭಯಂಕರ ಇದೆ.

ಆಂಟಿಸಿಪೇಷನ್ ಎಂದು ಮೊನ್ನೆ ಬರೆದ ಸಾಲನ್ನು ಹೊಡೆದುಹಾಕಲು ಹೋದೆ. ಪೆನ್ನಿನಲ್ಲಿ ಇಂಕು ಇರಲಿಲ್ಲ. ಇರಲಿ.

ಜನವರಿ 21, ಮಂಗಳವಾರ

ಮುಖ ಕಾಣಬಾರದೆಂದು ಸಂದೀಪನ ಹೆಲ್ಮೆಟ್ ಹಾಕಿಕೊಂಡು ನಿಂತೆ. ಗಾಜು ಇಳಿಸಿದ್ದರಿಂದ ನನಗೂ ಏನೂ ಕಾಣಲಿಲ್ಲ. ಅವಳು ನಗು ತಡೆಯಲಾರದೆ ಕಂಬ ಹಿಡಿದು ನಿಂತಳು. ಆಮೇಲೆ ಹೊಡೆದಳು. ಕಂಬದಾಚೆ.

ಸಿಟ್ಟು ಬರಿಸಿದರೆ ಹೊಡೆದಾಳು ಎಂದು ಮಧ್ಯಾಹ್ನ ಊಟಕ್ಕೆ ಕೂತು "ಈ ಜೋಳದ ರೊಟ್ಟಿ ರಟ್ಟಿನ ಹಾಗೆ ಉಂಟು" ಎಂದು ಗೋಡೆಗೆ ಹೇಳಿದೆ. ರಾತ್ರಿ ರೊಟ್ಟಿ ಹೂವಿನಷ್ಟು ಮೆತ್ತಗೆ ಬಂತು. ಇಂಥವಳಿಗೆ ಸಿಟ್ಟು ಬರಿಸುವುದು ಹೇಗೆ?

ಜನವರಿ 22, ಬುಧವಾರ

ಬರೆಯಲು ಕೂರುವುದು ಕಷ್ಟವಾಗಿದೆ. ಮಲಗಿಯೇ ಬರೆಯುತ್ತಿದ್ದೇನೆ.

ಇವತ್ತು ಸಿಟ್ಟು ಬರಿಸಬೇಕೆಂದೇನೂ ಇರಲಿಲ್ಲ. ಕಂಬದಾಚೆ ಹೋದ ಚೆಂಡನ್ನು ತಂದುಕೊಡುತ್ತ, ಸುಮ್ಮನೆ, ನನ್ನಷ್ಟಕ್ಕೆ, "ನೀಲಾವತಿಗೆ ಈ ಆಟದ ವಿಷಯ ಗೊತ್ತಾಗಿದ್ದರೆ ಎಂತ ಹೇಳುತ್ತಿದ್ದಳೋ" ಎಂದೆ.

"ಅತ್ತಿಯಾರಿಗೆ ಗೊತ್ತಿತ್ತು."

ಯಾರು ಮಾತಾಡಿದರೆಂದು ಆಚೀಚೆ ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು.

"ಎಂತದು?"

"ಗೊತ್ತಿತ್ತು ಅಂದೆ. ಆ ಬೂಟು ಅವರ ತಂದುಕೊಟ್ಟದ್ದು. ದವಾಖಾನಿಗೆ ಹೋಗೂ ಮೊದಲ. ಹಿಂದ ಟರ್ಫ್ ಆಗಾಕತ್ತೈತಿ, ನೀ ಹೋಗು ಅಂದ್ರು. ಮಾವಾರು ಏನಂತಾರೋ ಅಂದೆ. ಅವರೇನೂ ಅನ್ನಂಗಿಲ್ಲ, ಅವರು ಏನೂ ಕೇಳೂದ ಇಲ್ಲ ಅಂದ್ರು."

"ನನಗೆ ಹೇಳಲೇ ಇಲ್ಲ ಅವಳು."

"ನೀವ ಕೇಳಿದ್ರೇನು? ಅವರು ಹೋದ ಮ್ಯಾಲೆ ಈ ಮನ್ಯಾಗ ಒಬ್ಬರರ ಅವರ ಹೆಸರು ತಗೊಂಡಾರೇನು? ಅವರೇನು ನಿಮಗ ಒಬ್ಬರಿಗೇ ಇದ್ರೇನು? ನೀವು ಫ್ರಿಜ್ಜಿನ ಕೂಡ ಮಾತಾಡ್ತೀರಿ. ನಾ ಯಾರ ಕೂಡ ಮಾತಾಡ್ಲಿ ಮಾವಾರ?"

ಹೊಡೆದಳು. ಚೆಂಡು ಬರುವುದು ಕಾಣಲಿಲ್ಲ. ಹೊಟ್ಟೆಗೆ ಬಡಿದದ್ದು ಮಾತ್ರ ತಿಳಿಯಿತು. ಕೂತಿದ್ದೇನೆ ಎಂದು ಗೊತ್ತಾದಾಗ ಅವಳು ಪಕ್ಕದಲ್ಲಿ ಕೂತು ನನ್ನ ಬೆನ್ನು ತಿಕ್ಕುತ್ತ "ಮಾವಾರ, ಮಾವಾರ" ಎನ್ನುತ್ತಿದ್ದಳು. ಅಳುತ್ತಿದ್ದಳು.

ಉಸಿರು ಬಂದ ಮೇಲೆ ಹೇಳಿದೆ: "ಇನ್ನೊಂದು ಹೊಡಿ, ಮಾರಾಯ್ತಿ."

ಜನವರಿ 23, ಗುರುವಾರ

ಸೊಸೈಟಿಯ ಸೆಕ್ರೆಟರಿ ಹಿತೇಶ್ ಬಂದಿದ್ದ. ಕನ್ನಡಿ ವಿಷಯಕ್ಕೆಂದುಕೊಂಡೆ. ಅವನು ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ, ಅಂಕಲ್, ಮನೆಯಲ್ಲಿ ಎಲ್ಲ ಸರಿಯಾಗಿದೆಯೇ ಎಂದು ಕೇಳಿದ. ಸೊಸೆ ನಿಮಗೆ ಹೊಡೆಯುವುದನ್ನು ಬಾಲ್ಕನಿಯಿಂದ ಯಾರೋ ನೋಡಿದ್ದಾರೆ, ಹೆದರದೆ ಹೇಳಿ ಎಂದ.

ನಾನು ಇದ್ದದ್ದು ಇದ್ದಂತೆ ಹೇಳಿದೆ. ಹೌದು, ಹೊಡೆಯುತ್ತಾಳೆ, ದಿನಾ ಹತ್ತು ಗಂಟೆಗೆ. ಮೊದಲು ಸರಿಯಾಗಿ ಹೊಡೆಯುತ್ತಿರಲಿಲ್ಲ, ಈಗ ಚೆನ್ನಾಗಿ ಹೊಡೆಯುತ್ತಾಳೆ. ಇದು ನಾನೇ ಹೇಳಿ ಮಾಡಿಸಿದ್ದು.

ಹಿತೇಶ್ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹೋಗುವಾಗ ಸೀನಿಯರ್ ಸಿಟಿಜನ್ ಹೆಲ್ಪ್‌ಲೈನಿನ ನಂಬರು ಬರೆದುಕೊಟ್ಟು ಹೋದ. ಭುವನೇಶ್ವರಿಗೆ ಹೇಳಿದರೆ ಅಡುಗೆಮನೆಯ ನೆಲದ ಮೇಲೆ ಕೂತು ನಕ್ಕಳು. ಇವತ್ತಿನ ಪ್ರಾಕ್ಟೀಸಿನಲ್ಲಿ ಎರಡು ಚೆಂಡು ಒಳಗೆ ಬಂದವು, ಒಂದು ಮೊಳಕಾಲಿಗೆ. ಬೂಟು ಕೆಳಗೆ ಬಂದಿದೆ.

ಜನವರಿ 25, ಶನಿವಾರ

ಹೊತ್ತಿಲ್ಲ. ಪ್ರಾಕ್ಟೀಸ್ ಮುಗಿಸಿ ಕಟ್ಟೆಯ ಮೇಲೆ ಕೂತು ಮಾತಾಡುತ್ತ ಒಂದೂವರೆಯಾಯಿತು. ಅನ್ನ ಇಟ್ಟಿರಲೇ ಇಲ್ಲ. ಏನು ಮಾತಾಡಿದೆವೋ. ನೀಲಾವತಿ ಬಂಗುಡೆ ಸಾರಿಗೆ ಹುಳಿ ಜಾಸ್ತಿ ಹಾಕುತ್ತಿದ್ದಳು ಎಂಬುದು ಒಂದು. ಅವಳಿಗೆ ರೊಟ್ಟಿ ಬಡಿಯಲು ಕೊನೆಗೂ ಬರಲಿಲ್ಲ ಎಂಬುದು ಇನ್ನೊಂದು. ಮೈಯೆಲ್ಲ ನೋವು.

ಜನವರಿ 26, ಭಾನುವಾರ

ಧ್ವಜ ಏರಿಸಿ ಜಿಲೇಬಿ ಹಂಚಿದ ಮೇಲೆ ಫೈನಲ್. ಎದುರು ಸಿ ವಿಂಗು. ಅವರ ಟೀಮು ಒಳಗೆ ಬಂದಾಗ ನಮ್ಮ ಹೆಂಗಸರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ಗೋಲಿನಲ್ಲಿ ನಿಲ್ಲಲು ಬಂದವರು ಹಿತೇಶನ ತಾಯಿ. ಎಪ್ಪತ್ತರ ಹತ್ತಿರದ ಹೆಂಗಸು. ಇಡೀ ಸೊಸೈಟಿ ಅವರನ್ನು ಗುಜರಾತಿಯವರ ಹಾಗೆ ಬಾ, ಅಂದರೆ ಅಮ್ಮ, ಎಂದೇ ಕರೆಯುತ್ತದೆ. ದೀಪಾವಳಿಗೆ ನಾಲ್ಕೂ ವಿಂಗಿನ ಸೊಸೆಯಂದಿರು ಸಾಲಾಗಿ ನಿಂತು ಅವರ ಕಾಲು ಮುಟ್ಟುತ್ತಾರೆ. ನೂಲಿನ ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ ಹಾಕಿ ಬಂದು ಗೋಲಿನ ನಡುವೆ ನಿಂತರು. ಯಾರಿಗೆ ಕಾಲೆತ್ತಲು ಧೈರ್ಯವಿದೆ? ಈ ಬುದ್ಧಿ ಹಿತೇಶನದೇ ಇರಬೇಕು.

ನಮ್ಮವರು ನಿಜವಾಗಿಯೂ ಕಟ್ಟಿಹೋದರು. ಸಪ್ನಾಳೇ ಒಂದು ಸಲ ಬಾ ಅವರ ಮುಂದೆ ಬಂದು, ಹೊಡೆಯದೆ ಚೆಂಡನ್ನು ಹಿಂದಕ್ಕೆ ಕೊಟ್ಟಳು. ಅಷ್ಟರಲ್ಲಿ ಸಿ ವಿಂಗಿನವರು ಒಂದು ಗೋಲು ಹಾಕಿದರು. ಭುವನೇಶ್ವರಿಗೆ ಒಂದು ಚಾನ್ಸು ಬಂತು, ಕಂಬಕ್ಕೆ ಬಡಿಯಿತು. ಇನ್ನೊಂದು ಮೇಲೆ ಹೋಯಿತು. ಏಳನೆಯ ಮಾಳಿಗೆಯ ಹೊಸಬಳು ಹೊರಗೆ ನಿಂತು ಕಾಲು ಜಾಡಿಸಿ ತಯಾರಾಗುತ್ತಿದ್ದಳು. ಫಸ್ಟ್ ಹಾಫ್ ಮುಗಿಯುವುದರಲ್ಲಿತ್ತು.

ನಾನು ಈ ಸಲ ಗಾಡಿಯ ಹಿಂದೆ ಅಲ್ಲ, ಬಲೆಗೆ ಮೂಗು ತಾಗಿಸಿಯೇ ನಿಂತಿದ್ದೆ. ಪಕ್ಕದಲ್ಲಿ ಬಾ ಅವರ ಗಂಡ ಇದ್ದರು. ಹೆಂಡತಿ ಗೋಲಿನಲ್ಲಿರುವುದನ್ನು ನೋಡಲಾರದೆ ಮೈದಾನಕ್ಕೆ ಬೆನ್ನು ಹಾಕಿ ನಿಂತಿದ್ದರು. ಅವರು ನನ್ನ ತೋಳು ಹಿಡಿದು, ತಮ್ಮ ಎಡ ಮೊಣಕಾಲಿಗೆ ಆಪರೇಷನ್ ಮಾಡಿಸಬೇಕಂತೆ, ನಿಮಗೆ ಯಾರಾದರೂ ಒಳ್ಳೆಯ ಡಾಕ್ಟರ್ ಗೊತ್ತೇ ಎಂದು ಕೇಳಿದರು. ಹಿರಿಯರು, ಮುಖ ನೋಡದೆ ಉತ್ತರಿಸುವುದು ಹೇಗೆ? ತಿರುಗಿದೆ. "ವಿಚ್ ನೀ, ಯಾವ ಕಾಲು?" ಎಂದು ಕೇಳಿದೆ. ಎಡದ್ದು ಎಂದು ಅವರು ಆಗಲೇ ಹೇಳಿದ್ದರು.

ಆಗ ಹಿಂದಿನಿಂದ ಬೊಬ್ಬೆ ಎದ್ದಿತು.

ನಾನು ತಿರುಗಿ ನೋಡುವಾಗ ಚೆಂಡು ಗೋಲಿನ ಒಳಗಿತ್ತು. ಬಾ ಅವರು ಒಂದು ಪಕ್ಕ ನಿಂತು ಸೀರೆ ಸರಿಮಾಡಿಕೊಳ್ಳುತ್ತಿದ್ದರು. ಸಪ್ನಾ ಭುವನೇಶ್ವರಿಯ ಬೆನ್ನಿನ ಮೇಲೆ ಹತ್ತಿದ್ದಳು. ಭುವನೇಶ್ವರಿ ಅವಳನ್ನು ಹೊತ್ತುಕೊಂಡೇ ಬಲೆಯ ಕಡೆ, ನಾನಿದ್ದ ಕಡೆ ಕೈ ಮಾಡುತ್ತಿದ್ದಳು. ನಾನೂ ಕೈ ಮಾಡಿದೆ, ಎಲ್ಲ ನೋಡಿದವನ ಹಾಗೆ.

ಮ್ಯಾಚು ಒಂದಕ್ಕೊಂದು ಸಮವಾಯಿತು. ಮಕ್ಕಳ ಡ್ಯಾನ್ಸಿಗೆ ಜಾಗ ಬೇಕಾದ್ದರಿಂದ ಟಾಸು ಹಾಕಿದರು, ಕಪ್ಪು ಸಿ ವಿಂಗಿಗೆ ಹೋಯಿತು. ಹೊಸಬಳು ಮುಗಿಯುವ ತನಕ ಹೊರಗೇ ಇದ್ದಳು. ಬಾ ಅವರು ಭುವನೇಶ್ವರಿಯ ಕೆನ್ನೆ ಹಿಂಡಿ, ಇಷ್ಟು ಜೋರಾಗಿ ಹೊಡೆಯಲು ಯಾರು ಕಲಿಸಿದರು ಎಂದು ಕೇಳಿದರಂತೆ. ಅವಳು ಏನು ಹೇಳಿದಳೋ, ಹಿತೇಶ್ ನನ್ನನ್ನು ಬಹಳ ಹೊತ್ತು ನೋಡಿದ.

ರಾತ್ರಿ ಊಟದ ಟೇಬಲಿನಲ್ಲಿ ಸತ್ಯ ಹೇಳಿದೆ: "ಒಂದು ವಿಷಯ ಉಂಟು. ನಾನು ಗೋಲು ನೋಡಲಿಲ್ಲ."

"ಏನಂದ್ರಿ?"

"ಮೊಣಕಾಲಿನ ವಿಷಯ ಬಂತು. ತಿರುಗಿದೆ. ಅಷ್ಟರಲ್ಲಿ ಆಯಿತು."

ಅವಳು ನನ್ನನ್ನು ನೋಡಿದಳು. ಬಂದ ಚಾನ್ಸನ್ನು ಇಷ್ಟು ಚೆನ್ನಾಗಿ ಕಳೆದುಕೊಂಡವರನ್ನು ಅವಳು ಮೊದಲ ಸಲ ನೋಡುತ್ತಿದ್ದಳೆಂದು ಕಾಣುತ್ತದೆ. ಆಮೇಲೆ ಎದುರಿನ ಕುರ್ಚಿ ಎಳೆದು ಕೂತು, ತಟ್ಟೆ ಬದಿಗೆ ಸರಿಸಿದಳು.

"ಇಲ್ಲಿ ನೋಡ್ರಿ. ಈ ಸಾರಿನ ಬೋಗುಣಿ ಅಂದ್ರ ಬಾ. ಈ ಎರಡು ವಾಟಿ ಅವರ ಡಿಫೆಂಡರು. ನಾ ಇಲ್ಲಿದ್ದೆ." ಲಿಂಬೆಹಣ್ಣನ್ನು ಆ ಎರಡು ಬಟ್ಟಲುಗಳ ನಡುವೆ ಇಟ್ಟಳು. "ಸಪ್ನಾ ಕೊಟ್ಲು. ತಲಿ ಎತ್ತಿದೆ. ಬಾ ಅವರ ಮುಖ ಕಾಣ್ತು. ಒಂದ ಕ್ಷಣ ಕಾಲ ನಿಂತೇ ಬಿಟ್ಟಿತ್ರಿ. ಆಮ್ಯಾಲೆ ಅಂದಕೊಂಡೆ, ನಮ್ಮ ಮಾವಾರ ಹೊಟ್ಟಿಗೇ ಹೊಡದಾಕಿ ನಾ, ಇವರದೇನು. ನಟ್ಟನಡಕ ಹೊಡದೆ. ಅವರು ಶಾಣ್ಯಾರು, ಸರದು ನಿಂತ್ರು."

ಲಿಂಬೆಹಣ್ಣು ಬೋಗುಣಿಯನ್ನು ದಾಟಿ ಉಪ್ಪಿನಕಾಯಿ ಬಾಟಲಿಗೆ ತಾಗಿತು.

"ಸಪ್ನಾ ಎಲ್ಲಿದ್ದಳು, ಸರಿ ಗೊತ್ತಾಗಲಿಲ್ಲ" ಎಂದೆ.

ಮತ್ತೆ ಮೊದಲಿನಿಂದ ಹೇಳಿದಳು. ನಡುನಡುವೆ, ಆ ಎರಡು ಹಾಳಾದ ಚಾನ್ಸುಗಳ ವಿಷಯ ಬಂದಾಗ ತಲೆ ಚಚ್ಚಿಕೊಂಡು, ನಾಳೆ ಹತ್ತಕ್ಕೇ ಕೆಳಗೆ ಇಳಿಯಬೇಕೆಂದು ಅಪ್ಪಣೆ ಮಾಡಿದಳು. ಸಂದೀಪ ಯಾರು ಯಾರಿಗೆ ಹೇಳುತ್ತಿದ್ದಾರೆಂದು ತಿಳಿಯದೆ ಕೈಯಲ್ಲಿ ತುತ್ತು ಹಿಡಿದು ಕೂತಿದ್ದ.

ಎಕ್ಸ್‌ಟ್ರಾ ಪ್ರಾಕ್ಟೀಸಿನ ಬಗ್ಗೆ ಕನ್‌ಕ್ಲೂಷನ್ ಬರೆಯಬೇಕೆಂದಿದ್ದೆ. ನಿದ್ದೆ ಬರುತ್ತಿದೆ. ಮೊದಲ ಸಲ ಹೇಳಿದಾಗಲೇ ನನಗೆ ಎಲ್ಲ ಅರ್ಥವಾಗಿತ್ತು. ಆದರೂ ಮೂರು ಸಲ ಹೇಳಿಸಿದೆ. ಮೂರನೆಯ ಸಲ ಗೋಲು ಇನ್ನೂ ದೂರದಿಂದ ಬಂತು, ಡಿಫೆಂಡರು ನಾಲ್ಕಾದರು, ಬಾ ಅವರು ಎರಡೂ ಕೈ ಚಾಚಿ ಹಾರಿದರು. ನಾನು ನೋಡಿದವನಲ್ಲ, ಹಾಗಾಗಿ ಇಲ್ಲ ಎನ್ನಲು ನನ್ನಲ್ಲಿ ಆಧಾರವಿಲ್ಲ. ಹಾರಿದರು ಎಂದೇ ಬರೆದಿದ್ದೇನೆ.